ಹಳೆಯ ಕಣ್ಣು, ಹೊಸ ಕ್ಯಾಮೆರಾ

ಹುಣಸೆ ಮರಕ್ಕೆ ಮುಪ್ಪು ಬಂದರೆ ಹುಳಿಗೂ ಮುಪ್ಪೇ ಎಂದು ಹಿರಿಯರು ಕೇಳುತ್ತಾರೆ. ಮರದ ವಿಷಯದಲ್ಲಿ ಉತ್ತರ ಎಲ್ಲರಿಗೂ ಗೊತ್ತು. ಆದರೆ ಗಾಜಿನ ವಿಷಯದಲ್ಲಿ? ಐವತ್ತು ಅರವತ್ತು ವರ್ಷಗಳ ಹಿಂದೆ ಫಿಲ್ಮಿನ ಕ್ಯಾಮೆರಾಕ್ಕೆಂದು ಉಜ್ಜಿ ನಯಗೊಳಿಸಿದ ಲೆನ್ಸೊಂದನ್ನು, ಆರು ಕೋಟಿ ಚುಕ್ಕಿಗಳಲ್ಲಿ ಚಿತ್ರ ಬಿಡಿಸುವ ಇಂದಿನ ಡಿಜಿಟಲ್ ಕ್ಯಾಮೆರಾದ ಮೂತಿಗೆ ಸಿಕ್ಕಿಸಿದರೆ ಏನಾದೀತು? ಅಜ್ಜನ ಕನ್ನಡಕವನ್ನು ಮೊಮ್ಮಗನ ಮೂಗಿಗೇರಿಸಿದಂತೆ ಆದೀತೆ, ಅಥವಾ ಅಜ್ಜಿಯ ಕೈಯ ಉಪ್ಪಿನಕಾಯಿಯನ್ನು ಹೊಸ ಭರಣಿಗೆ ತುಂಬಿದಂತೆ ಆದೀತೆ?

ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಫಿಲ್ಮಿನ ಕಾಲ ಸರಿದಾಗ ಊರೂರಿನ ಫೋಟೊ ಸ್ಟುಡಿಯೊಗಳಲ್ಲಿ ಸಾವಿರಾರು ಕ್ಯಾಮೆರಾಗಳು ಅಟ್ಟ ಸೇರಿದವು. ಫಿಲ್ಮು ಇಂದಿಗೂ ತಯಾರಾಗುತ್ತಿದೆಯಾದರೂ ತಾಲ್ಲೂಕು ಪೇಟೆಯ ಸ್ಟುಡಿಯೊಗಳಿಗೆ ಅದು ಎಂದೋ ದೂರದ ನೆಂಟನಾಯಿತು. 1960ರಲ್ಲಿ ಸ್ಥಾಪನೆಯಾಗಿ 'ಇಂದು' ಹೆಸರಿನ ಫಿಲ್ಮನ್ನು ಮನೆಮಾತಾಗಿಸಿದ ಉದಕಮಂಡಲದ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯೂ ಈಗ ನೆನಪು. ಕ್ಯಾಮೆರಾದ ಪೆಟ್ಟಿಗೆಗೆ ಫಿಲ್ಮಿಲ್ಲದೆ ಕೆಲಸವಿಲ್ಲ ನಿಜ. ಆದರೆ ಪೆಟ್ಟಿಗೆ ಎಂದರೆ ಬೆಳಕು ಸೋರದ ಕತ್ತಲ ಕೋಣೆ, ಅಷ್ಟೇ. ನೋಡುತ್ತಿದ್ದುದು ಅದರ ಮುಂದಿನ ಗಾಜು. ಆ ಗಾಜಿಗೆ ಹಿಂದೆ ಇರುವುದು ಫಿಲ್ಮೋ ಸಿಲಿಕಾನ್ ಚಿಪ್ಪೋ ಎಂಬ ಭೇದವಿಲ್ಲ. ಬೆಳಕನ್ನು ಬಾಗಿಸಿ ಒಂದೆಡೆ ಕೂಡಿಸುವುದಷ್ಟೇ ಅದರ ಕಸುಬು.

ಟ್ರಂಕಿನೊಳಗಿನ ಗಾಜು

ತುಂಗೆಯ ದಂಡೆಯ ಒಂದು ಪೇಟೆಯಲ್ಲಿ 1974ರಿಂದ ಇರುವ ಸ್ಟುಡಿಯೊ ಒಂದರ ಕತೆ ಹೀಗಿದೆ. ಸ್ಟುಡಿಯೊ ತೆರೆದವರಿಗೆ ಈಗ ಎಪ್ಪತ್ತೈದು ದಾಟಿದೆ. ಶಾಲೆಯ ಗ್ರೂಪ್ ಫೋಟೊ, ಮದುವೆ, ಉಪನಯನ, ನಾಟಕ ಕಂಪನಿಯ ಪಾತ್ರಧಾರಿಗಳು, ಪಾಸ್‌ಪೋರ್ಟ್, ಕೊನೆಗೆ ಅಂಗಳದಲ್ಲಿ ಮಲಗಿಸಿದ ಹೆಣ: ಹೀಗೆ ಊರಿನ ಮೂರು ತಲೆಮಾರು ಅವರ ಕ್ಯಾಮೆರಾದ ಮುಂದೆ ಹಾದುಹೋಗಿದೆ. 2006ರಲ್ಲಿ ಅವರು ಡಾರ್ಕ್‌ರೂಮಿನ ಕೆಂಪು ದೀಪ ಆರಿಸಿದರು. ಕೆಲವು ವರ್ಷಗಳ ಬಳಿಕ ಸ್ಟುಡಿಯೊ ಮಗನ ಕೈಗೆ ಬಂತು. ಮಗನದು 61 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ, ತಾನಾಗಿ ಕಣ್ಣನ್ನೇ ಹುಡುಕಿ ಫೋಕಸ್ ಮಾಡುವ ಲೆನ್ಸುಗಳು, ಬ್ಯಾಂಕಿನ ಸಾಲ.

2022ರ ಮಳೆಗಾಲ ಮುಗಿದ ಮೇಲೆ ಅಟ್ಟ ಗುಡಿಸುವಾಗ ಒಂದು ತಗಡಿನ ಟ್ರಂಕು ಕೆಳಗಿಳಿಯಿತು. ಒಳಗೆ ಚರ್ಮದ ಚೀಲದಲ್ಲಿ ಒಂದು ಜೆನಿತ್ ಕ್ಯಾಮೆರಾ. ಅದರ ಮೂತಿಗೆ 'ಹೀಲಿಯೋಸ್ 44-2' ಎಂಬ ಲೆನ್ಸು. ಪಕ್ಕದಲ್ಲಿ ಮಸ್ಕತ್ತಿನಲ್ಲಿದ್ದ ಭಾವ ಎಂದೋ ತಂದುಕೊಟ್ಟ ಜಪಾನಿನ 'ಸೂಪರ್ ಟಾಕುಮಾರ್' ಲೆನ್ಸು, ನೋಡಿದರೆ ಚಹಾದ ಡಿಕಾಕ್ಷನ್ ಬಣ್ಣ. ಜೆನಿತ್‌ನ ಶಟರ್ ಬಟ್ಟೆ ಜೀರ್ಣವಾಗಿತ್ತು.

"ಅಪ್ಪಯ್ಯ, ಇದನ್ನೆಲ್ಲ ಇನ್ನೂ ಎಂತಕ್ಕೆ ಇಟ್ಕೊಂಡಿದೀರಿ? ಗುಜರಿಯವನೂ ಮುಟ್ಟೋದಿಲ್ಲ" ಎಂದ ಮಗ.

"ಕ್ಯಾಮೆರಾ ಬೇಕಾದ್ರೆ ಕೊಡು ಮಾರಾಯ. ಆ ಕಣ್ಣು ಮಾತ್ರ ಇರಲಿ" ಎಂದರು ತಂದೆ.

ಆ 'ಕಣ್ಣಿ'ನ ವಂಶಾವಳಿ ಸಣ್ಣದಲ್ಲ. ಜರ್ಮನಿಯ ಜೇನಾ ನಗರದ ಕಾರ್ಲ್ ಜೈಸ್ ಕಾರ್ಖಾನೆ 1930ರ ದಶಕದಲ್ಲಿ 'ಬಯೋಟಾರ್' ಎಂಬ 58 ಮಿಲಿಮೀಟರ್ ಸಂಗಮ ದೂರದ ಲೆನ್ಸನ್ನು ಮಾಡುತ್ತಿತ್ತು. ಆರು ಗಾಜುಗಳು, ನಾಲ್ಕು ಗುಂಪು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಅಲ್ಲಿನ ಯಂತ್ರಗಳು, ನಕ್ಷೆಗಳು, ಕೆಲವರು ತಂತ್ರಜ್ಞರು ಯುದ್ಧ ಪರಿಹಾರದ ಲೆಕ್ಕದಲ್ಲಿ ಸೋವಿಯತ್ ಒಕ್ಕೂಟದ ಪಾಲಾದರು. ಮಾಸ್ಕೋ ಸಮೀಪದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯಲ್ಲಿ ಬಯೋಟಾರ್‌ನ ನಕ್ಷೆಯೇ ಹೀಲಿಯೋಸ್ ಆಗಿ ಮರುಹುಟ್ಟು ಪಡೆಯಿತು. ಜೆನಿತ್ ಕ್ಯಾಮೆರಾಗಳ ಜತೆ ಅದು ಲಕ್ಷ ಲಕ್ಷ ಸಂಖ್ಯೆಯಲ್ಲಿ ಹೊರಬಂತು. ಜೆನಿತ್-ಇ ಮಾದರಿಯೊಂದೇ ಮೂವತ್ತು ಲಕ್ಷಕ್ಕೂ ಮಿಕ್ಕಿ ತಯಾರಾಯಿತು. ಸೋವಿಯತ್ ಸಾಮಾನು ಅಗ್ಗಕ್ಕೆ ಸಿಗುತ್ತಿದ್ದ ಆ ದಿನಗಳಲ್ಲಿ ಭಾರತದ ಎಷ್ಟೋ ಸ್ಟುಡಿಯೊಗಳಿಗೂ ಅದು ಬಂದು ಕುಳಿತಿತು.

ಕನ್ನಡಿ ಹೋಯಿತು, ಬಾಗಿಲು ತೆರೆಯಿತು

ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಹಾಕುವುದು ಈ ಹಿಂದೆ ಯಾರಿಗೂ ಹೊಳೆದಿರಲಿಲ್ಲವೆ? ಹೊಳೆದಿತ್ತು. ಅಡ್ಡ ಬಂದದ್ದು ಒಂದು ಕನ್ನಡಿ.

ಎಸ್‌ಎಲ್‌ಆರ್ ಎಂದು ಕರೆಯುವ ಕ್ಯಾಮೆರಾಗಳಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ನಲವತ್ತೈದು ಡಿಗ್ರಿ ಓರೆಯಾಗಿ ಒಂದು ಕನ್ನಡಿ ಕೂತಿರುತ್ತದೆ. ಲೆನ್ಸು ಕಂಡದ್ದನ್ನು ಮೇಲಿನ ಕಿಂಡಿಗೆ ತೋರಿಸುವುದು ಅದರ ಕೆಲಸ. ಕ್ಲಿಕ್ಕಿಸಿದಾಗ ಅದು ಮೇಲಕ್ಕೆ ಎಗರುತ್ತದೆ. ಹಾಗೆ ಎಗರಲು ಜಾಗ ಬೇಕು. ಆದ್ದರಿಂದ ಲೆನ್ಸು ಕೂರುವ ಅಂಚಿಗೂ ಫಿಲ್ಮಿಗೂ ನಡುವೆ ಒಂದು ಅಂತರ ಬಿಡಲೇಬೇಕು. ಹೀಲಿಯೋಸ್, ಟಾಕುಮಾರ್ ಮುಂತಾದವು ಬಳಸುವ ತಿರುಪಿನ ಮೌಂಟಿಗೆ, ಅಂದರೆ ಎಂ42ಕ್ಕೆ, ಆ ಅಂತರ 45.46 ಮಿಲಿಮೀಟರ್. ನಿಕಾನಿನ ಕನ್ನಡಿ ಕ್ಯಾಮೆರಾಗಳಲ್ಲಿ 46.5. ವ್ಯತ್ಯಾಸ ಒಂದು ಮಿಲಿಮೀಟರ್ ಅಷ್ಟೇ. ಆದರೆ ಆ ಒಂದು ಮಿಲಿಮೀಟರ್ ಹೆಚ್ಚಾದ ಕಾರಣ ಹೀಲಿಯೋಸನ್ನು ನಿಕಾನಿಗೆ ಹಾಕಿದರೆ ಹತ್ತಿರದ ಹೂವು ಸ್ಪಷ್ಟ, ದೂರದ ಗುಡ್ಡ ಮಸುಕು. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಪೀನ ಮಸೂರದ ಹಿಂದೆ ಪರದೆಯನ್ನು ಹಿಂದೆ ಮುಂದೆ ಸರಿಸಿ ನೋಡಿದವರಿಗೆ ಇದರ ಗುಟ್ಟು ತಿಳಿಯದೇನಲ್ಲ. ಪರದೆ ಹಿಂದಕ್ಕೆ ಸರಿದಷ್ಟೂ ಹತ್ತಿರದ ವಸ್ತು ಮಾತ್ರ ಅದರ ಮೇಲೆ ನಿಚ್ಚಳವಾಗಿ ಮೂಡುತ್ತದೆ.

2008ರಲ್ಲಿ ಪ್ಯಾನಸೋನಿಕ್ ಕಂಪನಿಯ ಜಿ1 ಕ್ಯಾಮೆರಾ ಬಂದಾಗ ಆ ಕನ್ನಡಿಯನ್ನೇ ಕಿತ್ತುಹಾಕಿದ್ದರು. ಸೆನ್ಸರ್ ಕಂಡದ್ದನ್ನು ನೇರವಾಗಿ ಸಣ್ಣ ಪರದೆಯ ಮೇಲೆ ತೋರಿಸಿದರೆ ಕನ್ನಡಿ ಯಾಕೆ? 2013ರಲ್ಲಿ ಸೋನಿ ಕಂಪನಿ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡದಾದ, 24ಕ್ಕೆ 36 ಮಿಲಿಮೀಟರ್ ಸೆನ್ಸರಿನ ಕನ್ನಡಿರಹಿತ ಕ್ಯಾಮೆರಾಗಳನ್ನು ತಂದಿತು. ಅದರ ಮೌಂಟಿನ ಅಂತರ ಕೇವಲ 18 ಮಿಲಿಮೀಟರ್. ಆಮೇಲೆ ಬಂದ ನಿಕಾನ್ ಜೆಡ್ ಮೌಂಟಿನದು 16, ಕೆನಾನ್ ಆರ್‌ಎಫ್ ಮೌಂಟಿನದು 20. 45.46ರಲ್ಲಿ 18 ಕಳೆದರೆ ಉಳಿಯುವುದು 27.46 ಮಿಲಿಮೀಟರ್. ಅಷ್ಟುದ್ದದ ಒಂದು ಪೊಳ್ಳು ಕೊಳವೆಯನ್ನು ನಡುವೆ ಇಟ್ಟರೆ ಲೆನ್ಸು ತನ್ನ ಹಳೆಯ ಜಾಗದಲ್ಲೇ ಕೂತಂತಾಯಿತು. ಈ ಕೊಳವೆಗೆ ಅಡಾಪ್ಟರ್ ಎಂದು ಹೆಸರು. ಒಳಗೆ ಗಾಜಿಲ್ಲ, ತಂತಿಯಿಲ್ಲ, ಬರಿಯ ಲೋಹದ ಬಳೆ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಮಗ ಅಂಥದೊಂದನ್ನು ತರಿಸಿದ. ಅಪ್ಪನ ಮಾತಿಗಾಗಿ ಅಲ್ಲ; ಹೀಲಿಯೋಸಿಗೆ ಈಗ ಕೊಳ್ಳುವವರಿದ್ದಾರೆ ಎಂದು ಯಾರೋ ಹೇಳಿದ್ದರು, ಮಾರುವ ಮುನ್ನ ಕೆಲಸ ಮಾಡುತ್ತದೆಯೇ ನೋಡಬೇಕಿತ್ತು.

ನಾಲ್ಕು ಪಟ್ಟು, ಎಪ್ಪತ್ತು ಪಟ್ಟು

ಮೊದಲ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದ ಮಗ ನಕ್ಕುಬಿಟ್ಟ. ಎಫ್/2ರಲ್ಲಿ ಪೂರ್ತಿ ತೆರೆದು ತೆಗೆದ ಚಿತ್ರ. ನಡುವೆ ಪರವಾಗಿಲ್ಲ, ಮೂಲೆಗಳಲ್ಲಿ ಎಲೆಗಳೆಲ್ಲ ಕಲಸಿದ ಅಂಬಲಿ. ಬಿಳಿಯ ಪಂಚೆಯ ಅಂಚಿನಲ್ಲಿ ನೇರಳೆ ಗೆರೆ. ಅಳಿಯನ ಕುರುಡು ಬೆಳಗಾದರೆ ತಿಳಿಯುತ್ತದೆ ಎಂಬಂತೆ ಫಿಲ್ಮಿನ ಕತ್ತಲಲ್ಲಿ ಅಡಗಿದ್ದ ದೋಷವೆಲ್ಲ ಬಯಲಿಗೆ ಬಿತ್ತು ಎಂದುಕೊಂಡ. "ಹೊಸ ಸೆನ್ಸರಿನ ಮುಂದೆ ಹಳೆ ಲೆನ್ಸು ನಿಲ್ಲೋದಿಲ್ಲ ಅಪ್ಪಯ್ಯ" ಎಂದ. ಈ ಮಾತನ್ನು ಹೇಳುವವನು ಅವನೊಬ್ಬನೇ ಅಲ್ಲ. ಕ್ಯಾಮೆರಾ ಬಲ್ಲವರ ನಡುವೆ ಇದು ಬಹುಪಾಲು ಒಪ್ಪಿತವಾದ ಮಾತು. ಆದರೆ ಇದನ್ನು ಸ್ವಲ್ಪ ಲೆಕ್ಕಕ್ಕೆ ಹಚ್ಚಿ ನೋಡಬೇಕು.

61 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಅಡ್ಡಕ್ಕೆ 9504, ಉದ್ದಕ್ಕೆ 6336 ಚುಕ್ಕಿಗಳು. ಒಂದೊಂದು ಚುಕ್ಕಿಯ ಅಗಲ ಸುಮಾರು 3.76 ಮೈಕ್ರಾನ್. ಎಪ್ಪತ್ತು ಮೈಕ್ರಾನ್ ದಪ್ಪದ ಒಂದು ತಲೆಗೂದಲಿನ ಅಗಲದಲ್ಲಿ ಇಂಥ ಹದಿನೆಂಟು ಚುಕ್ಕಿ ಸಾಲಾಗಿ ಕೂತಾವು. ಒಂದು ಕಪ್ಪು, ಒಂದು ಬಿಳಿ ಎಂದು ಗೆರೆಗಳ ಜೋಡಿ ಬಿಡಿಸಿದರೆ ಮಿಲಿಮೀಟರಿಗೆ ಸುಮಾರು 133 ಜೋಡಿಯನ್ನು ಈ ಸೆನ್ಸರ್ ಬೇರೆ ಬೇರೆಯಾಗಿ ಗುರುತಿಸಬಲ್ಲದು. ಹಿಂದಿನ ಸಾಮಾನ್ಯ ಕಪ್ಪು-ಬಿಳುಪು ಫಿಲ್ಮು ಎದ್ದುಕಾಣುವ ಗೆರೆಗಳನ್ನಾದರೆ ಮಿಲಿಮೀಟರಿಗೆ ನೂರು ಜೋಡಿಯವರೆಗೆ, ಮಂದ ಬೆಳಕು-ನೆರಳಿನ ನಿತ್ಯದ ದೃಶ್ಯಗಳಲ್ಲಿ ಅದರ ಅರ್ಧದಷ್ಟನ್ನು ಹಿಡಿಯುತ್ತಿತ್ತು. ಹೀಗಾಗಿ ಹೊಸ ಸೆನ್ಸರಿನ ದೃಷ್ಟಿ ಸೂಕ್ಷ್ಮವಾದದ್ದೇ. ಆದರೆ ಅಜಗಜಾಂತರವೇನೂ ಅಲ್ಲ.

ಅಜಗಜಾಂತರ ಇರುವುದು ನೋಡುವ ರೀತಿಯಲ್ಲಿ. ಹಿಂದೆ ಮದುವೆಯ ಆಲ್ಬಮ್ಮಿನ ಫೋಟೊ ಆರಿಂಚು ಅಗಲ ಇದ್ದರೆ ಹೆಚ್ಚು. 36 ಮಿಲಿಮೀಟರ್ ನೆಗೆಟಿವ್ ಆರಿಂಚಿಗೆ ಹಿಗ್ಗಿದಾಗ ಆದದ್ದು ನಾಲ್ಕು ಪಟ್ಟಿಗಿಂತ ತುಸು ಮಿಗಿಲು. ಇಂದು ಅದೇ ಚಿತ್ರವನ್ನು ಕಂಪ್ಯೂಟರಿನಲ್ಲಿ 'ನೂರು ಶೇಕಡಾ' ಎಂದು ಒತ್ತಿ ನೋಡುತ್ತಾರೆ. ಇಂಚಿಗೆ 96 ಚುಕ್ಕಿ ಇರುವ ಪರದೆಯಲ್ಲಿ 9504 ಚುಕ್ಕಿಗಳ ಪೂರ್ತಿ ಚಿತ್ರ 99 ಇಂಚು, ಅಂದರೆ ಎಂಟು ಅಡಿಗೂ ಹೆಚ್ಚು ಅಗಲ. ಹಿಗ್ಗಿದ್ದು ಎಪ್ಪತ್ತು ಪಟ್ಟು! ಎಂಟು ಅಡಿಯ ಚಿತ್ರವನ್ನು ಗೋಡೆಗೆ ತೂಗಿಸಿ ಒಂದೂವರೆ ಅಡಿ ದೂರದಲ್ಲಿ ನಿಂತು ಮೂಲೆಯ ಎಲೆ ಮಸುಕಾಗಿದೆ ಎಂದರೆ ತಪ್ಪು ಎಲೆಯದೂ ಅಲ್ಲ, ಲೆನ್ಸಿನದೂ ಅಲ್ಲ. ನಾಲ್ಕು ಪಟ್ಟಿನಲ್ಲಿ ಪಾಸಾಗಲು ಓದಿದ ಹುಡುಗನನ್ನು ಎಪ್ಪತ್ತು ಪಟ್ಟಿನ ಪರೀಕ್ಷೆಗೆ ಕೂರಿಸಿದಂತಾಯಿತು.

ಇನ್ನೊಂದು ಮಾತು. ಹೊಸ ಸೆನ್ಸರಿನಿಂದ ಹಳೆಯ ಲೆನ್ಸು ಕೆಡುವುದಿಲ್ಲ; ಸುಧಾರಿಸುತ್ತದೆ. ಲೆನ್ಸು ಒಂದು ಸೂಕ್ಷ್ಮ ವಿವರದ ಕಪ್ಪು-ಬಿಳುಪಿನ ಭೇದದಲ್ಲಿ ನೂರಕ್ಕೆ ಅರವತ್ತನ್ನು ದಾಟಿಸುತ್ತದೆ ಎನ್ನೋಣ. ಅದನ್ನು ಹಿಡಿಯುವ ಫಿಲ್ಮೋ ಸೆನ್ಸರೋ ತನಗೆ ಬಂದದ್ದರಲ್ಲಿ ಐವತ್ತು ಉಳಿಸಿಕೊಂಡರೆ ಕೊನೆಗೆ ದಕ್ಕುವುದು ಮೂವತ್ತು. ಎಂಬತ್ತು ಉಳಿಸಿಕೊಳ್ಳುವ ಸೆನ್ಸರಾದರೆ ನಲವತ್ತೆಂಟು. ಇಲ್ಲಿ ಲೆಕ್ಕ ಕೂಡುವುದಲ್ಲ, ಗುಣಿಸುವುದು. ಎರಡರಲ್ಲಿ ಯಾವುದು ಉತ್ತಮವಾದರೂ ಗುಣಲಬ್ಧ ಏರುತ್ತದೆ. ಹಾಗಾಗಿ ಹೀಲಿಯೋಸ್ ತನ್ನ ಆಯುಷ್ಯದಲ್ಲಿ ಎಂದೂ ತೋರದಷ್ಟು ವಿವರವನ್ನು ಈ ಕ್ಯಾಮೆರಾದಲ್ಲಿ ತೋರಿಸಿತ್ತು. ಮಗನಿಗೆ ಕಂಡದ್ದು ಉಳಿದ ಕೊರತೆ ಮಾತ್ರ.

ತಂದೆ ಈ ಲೆಕ್ಕಕ್ಕೆ ಹೋಗಲಿಲ್ಲ. "ಎಂಟಕ್ಕೆ ಇಟ್ಟು ತೆಗಿ" ಎಂದರು. ಅಪರ್ಚರನ್ನು ಎಫ್/8ಕ್ಕೆ ಕಿರಿದುಗೊಳಿಸಿದರೆ ಗಾಜಿನ ಅಂಚಿನಿಂದ ಅಡ್ಡಾದಿಡ್ಡಿ ಬರುವ ಕಿರಣಗಳು ಹೊರಗೇ ಉಳಿಯುತ್ತವೆ. ನಡುವಿನ ಶಿಸ್ತಿನ ಕಿರಣಗಳಷ್ಟೇ ಒಳಬರುತ್ತವೆ. ಗೋಳೀಯ ದೋಷ ಬಹುಮಟ್ಟಿಗೆ ಅಡಗುತ್ತದೆ. ತೆಗೆದ ಚಿತ್ರದಲ್ಲಿ ಎದುರು ಮನೆಯ ಮಂಗಳೂರು ಹೆಂಚಿನ ಮೇಲಿನ ಅಕ್ಷರ ಓದುವಂತಿತ್ತು. ಇನ್ನೂ ಕಿರಿದು ಮಾಡಿದರೆ? ಎಫ್/16ರಲ್ಲಿ ಮತ್ತೆ ಮಸುಕು. ಅದು ಹಳೆಯ ಲೆನ್ಸಿನ ಮುಪ್ಪಲ್ಲ, ಬೆಳಕಿನ ಸ್ವಭಾವ. ಕಿರುರಂಧ್ರದಲ್ಲಿ ನುಸುಳುವ ಬೆಳಕು ಹರಡುತ್ತದೆ. ಇದಕ್ಕೆ ವಿವರ್ತನೆ ಎನ್ನುತ್ತಾರೆ. ಹಸಿರು ಬೆಳಕಿಗೆ ಎಫ್/8ರಲ್ಲಿ ಒಂದು ಬಿಂದು ಸುಮಾರು 10.7 ಮೈಕ್ರಾನಿನ ಬಿಲ್ಲೆಯಾಗಿ, ಅಂದರೆ ಮೂರು ಚುಕ್ಕಿಯಷ್ಟು, ಹರಡುತ್ತದೆ. ಎಫ್/16ರಲ್ಲಿ ಅದರ ಇಮ್ಮಡಿ. ಈ ನಿಯಮದ ಮುಂದೆ ಲಕ್ಷ ರೂಪಾಯಿಯ ಹೊಸ ಲೆನ್ಸಿಗೂ ಟ್ರಂಕಿನ ಹೀಲಿಯೋಸಿಗೂ ಪಂಕ್ತಿಭೇದವಿಲ್ಲ.

ಸಾಬೂನು ಗುಳ್ಳೆಯ ಬಣ್ಣ

ಹಳೆಯ ಲೆನ್ಸು ನಿಜವಾಗಿ ಸೋಲುವ ಜಾಗ ಬೇರೆ ಇದೆ. ಕಿಟಕಿಯ ಎದುರು, ದೀಪದ ಎದುರು, ಇಳಿಹೊತ್ತಿನ ಸೂರ್ಯನ ಎದುರು ಹಿಡಿದಾಗ ಇಡೀ ಚಿತ್ರಕ್ಕೆ ಹಾಲು ಚೆಲ್ಲಿದ ಹಾಗೆ ಮಬ್ಬು ಕವಿಯುತ್ತದೆ.

ಕಾರಣ ಸರಳ. ಬರಿಯ ಗಾಜಿನ ಪ್ರತಿಯೊಂದು ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ನಾಲ್ಕು ಶೇಕಡಾವನ್ನು ಪ್ರತಿಫಲಿಸಿಬಿಡುತ್ತದೆ. ಹೀಲಿಯೋಸಿನ ಮೂಲಪುರುಷ ಎನ್ನಬಹುದಾದ 'ಪ್ಲಾನಾರ್' ಲೆನ್ಸನ್ನು ಪಾಲ್ ರುಡಾಲ್ಫ್ ಜೈಸ್ ಕಾರ್ಖಾನೆಯಲ್ಲಿ 1896ರಲ್ಲೇ ರೂಪಿಸಿದ್ದರು. ಆದರೆ ಗಾಳಿಗೆ ತಾಗುವ ಎಂಟು ಮೇಲ್ಮೈಗಳನ್ನು ದಾಟುವ ಹೊತ್ತಿಗೆ ನೂರು ಪಾಲು ಬೆಳಕಿನಲ್ಲಿ ಉಳಿಯುತ್ತಿದ್ದುದು 72. ಹೋದ 28ರಲ್ಲಿ ಒಂದಷ್ಟು ಗಾಜುಗಳ ನಡುವೆ ಪುಟಿದಾಡಿ ಮಬ್ಬಾಗಿ ಫಿಲ್ಮಿನ ಮೇಲೆ ಬೀಳುತ್ತಿತ್ತು. ಎಷ್ಟೇ ಜಾಣ ವಿನ್ಯಾಸವಾದರೂ ಹೆಚ್ಚು ಗಾಜಿನ ಲೆನ್ಸು ದಶಕಗಳ ಕಾಲ ಮೂಲೆಗುಂಪಾಗಲು ಇದೇ ಕಾರಣ. 1935ರಲ್ಲಿ ಜೈಸ್‌ನ ಅಲೆಕ್ಸಾಂಡರ್ ಸ್ಮಾಕುಲ ಗಾಜಿನ ಮೇಲೆ ಬೆಳಕಿನ ತರಂಗದೂರದ ಕಾಲುಭಾಗದಷ್ಟು ತೆಳುವಾದ ಲೇಪ ಬಳಿಯುವ ವಿಧಾನ ಕಂಡುಹಿಡಿದರು. ಲೇಪದ ಮೇಲಿನಿಂದಲೂ ಕೆಳಗಿನಿಂದಲೂ ಮರಳುವ ಎರಡು ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಸಾಬೂನು ಗುಳ್ಳೆಯಲ್ಲಿ, ಮಳೆ ನಿಂತ ರಸ್ತೆಯ ಡೀಸೆಲ್ ಹನಿಯಲ್ಲಿ ಬಣ್ಣ ಕುಣಿಸುವ ವ್ಯತಿಕರಣವೇ ಇಲ್ಲಿ ಬೆಳಕನ್ನು ಒಳಗೆ ಕಳಿಸುವ ಕೆಲಸ ಮಾಡುತ್ತದೆ.

ಒಂದು ಪದರದ ಲೇಪ ಪ್ರತಿಫಲನವನ್ನು ಒಂದೂವರೆ ಶೇಕಡಾಕ್ಕೆ ಇಳಿಸುತ್ತದೆ. ಎಂಟು ಮೇಲ್ಮೈ ದಾಟಿದರೂ 88 ಪಾಲು ಉಳಿಯಿತು. 1971ರಲ್ಲಿ ಜಪಾನಿನ ಅಸಾಹಿ ಕಂಪನಿ ಏಳು ಪದರಗಳ ಲೇಪವನ್ನು ಮಾರುಕಟ್ಟೆಗೆ ತಂದ ಮೇಲೆ ಬಹುಪದರವೇ ರೂಢಿಯಾಯಿತು. ಅಪ್ಪನ ಹೀಲಿಯೋಸ್ ಒಂದು ಪದರದ್ದು. ಅದರ ಜತೆಗೆ ಇನ್ನೊಂದು ತೊಡಕು: ಫಿಲ್ಮಿನ ಮೈ ಮಾಸಲು, ಸೆನ್ಸರಿನ ಮೈ ಕನ್ನಡಿ. ಸೆನ್ಸರಿನಿಂದ ಮರಳಿದ ಬೆಳಕು ಲೆನ್ಸಿನ ಹಿಂಬದಿಗೆ ಬಡಿದು ಮತ್ತೆ ಬೀಳುತ್ತದೆ. ಫಿಲ್ಮಿನ ಕಾಲದ ಲೆನ್ಸು ಮಾಡಿದವರಿಗೆ ಈ ಚಿಂತೆ ಇರಲಿಲ್ಲ. ಉಪಾಯವೂ ಹಳೆಯದೇ. ಲೆನ್ಸಿನ ಮುಂದೆ ಒಂದು ಹುಡ್, ಇಲ್ಲವಾದರೆ ಅಂಗೈ ಅಡ್ಡ. ತಂದೆಗೆ ಐವತ್ತು ವರ್ಷದ ಅಭ್ಯಾಸ. ಎಡಗೈ ತಾನಾಗಿ ಮೇಲೇಳುತ್ತಿತ್ತು.

ಹಳದಿಯಾದ ಎರಡು ಮಸೂರ

ಡಿಕಾಕ್ಷನ್ ಬಣ್ಣದ ಟಾಕುಮಾರಿನ ಕತೆ ಇನ್ನೂ ಸ್ವಾರಸ್ಯ. ಬೆಳಕನ್ನು ಹೆಚ್ಚು ಬಾಗಿಸಬೇಕು, ಆದರೆ ಬಣ್ಣಗಳನ್ನು ಹೆಚ್ಚು ಬಿಡಿಸಬಾರದು: ಇಂಥ ಗಾಜು ಲೆನ್ಸು ಮಾಡುವವರ ಕನಸು. ಗಾಜಿಗೆ ಥೋರಿಯಂ ಆಕ್ಸೈಡ್ ಬೆರೆಸಿದರೆ ಆ ಗುಣ ಬರುತ್ತದೆ ಎಂದು ತಿಳಿದು, ಹಲವು ಕಂಪನಿಗಳು ಕೆಲವು ದಶಕ ಅಂಥ ಗಾಜು ಬಳಸಿದವು. ಕೇರಳದ ಕರಾವಳಿಯ ಮೊನಾಜೈಟ್ ಮರಳಿನಲ್ಲಿ ಇರುವುದೂ ಇದೇ ಥೋರಿಯಂ. ಅದು ವಿಕಿರಣಶೀಲ. ಅರ್ಧಾಯುಷ್ಯ ಸುಮಾರು 1400 ಕೋಟಿ ವರ್ಷ, ವಿಶ್ವದ ವಯಸ್ಸಿಗಿಂತ ತುಸು ಹೆಚ್ಚೇ. ಅಷ್ಟು ನಿಧಾನವಾಗಿ ಕ್ಷಯಿಸುವುದರಿಂದ ಸೂಸುವ ವಿಕಿರಣ ಅಲ್ಪ. ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ ಬಳಸುವವರು ಹೆದರಬೇಕಿಲ್ಲ. ಅದನ್ನು ಒಡೆಯಬಾರದು, ಉಜ್ಜಿ ಪುಡಿ ಮಾಡಬಾರದು, ಭೂತಗನ್ನಡಿಯಂತೆ ಕಣ್ಣಿಗೆ ಒತ್ತಿಕೊಂಡು ಕೂರಬಾರದು, ಅಷ್ಟೇ. ಆದರೆ ಹತ್ತಾರು ವರ್ಷ ಒಳಗಿನಿಂದಲೇ ತಾಗುವ ಆ ವಿಕಿರಣ ಗಾಜಿನ ಅಣುರಚನೆಯಲ್ಲಿ ಸಣ್ಣ ಏರುಪೇರು ಮಾಡಿ ಅದನ್ನು ಹಳದಿಯಾಗಿಸುತ್ತದೆ.

ಮದ್ದು ಬಿಸಿಲು. ಬಿಸಿಲಿನ ಅತಿನೇರಳೆ ಕಿರಣ ಆ ಏರುಪೇರನ್ನು ಸರಿಪಡಿಸುತ್ತದೆ. ಮಗ ಲೆನ್ಸಿನ ಕೆಳಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಹಾಸಿ, ಸೂರ್ಯನ ಬಿಂಬ ಯಾವುದಕ್ಕೂ ಬೆಂಕಿ ಹಚ್ಚದಂತೆ ನೋಡಿಕೊಂಡು, ಕಿಟಕಿಯಲ್ಲಿ ಇಟ್ಟ. ನಾಲ್ಕಾರು ವಾರಗಳಲ್ಲಿ ಡಿಕಾಕ್ಷನ್ ತಿಳಿಯಾಗಿ, ಕೊನೆಗೆ ನಿಂಬೆ ಶರಬತ್ತಿನಷ್ಟೇ ಬಣ್ಣ ಉಳಿಯಿತು.

ಹಳದಿಯಾದ ಮಸೂರ ಆ ಮನೆಯಲ್ಲಿ ಅದೊಂದೇ ಆಗಿರಲಿಲ್ಲ. ತಂದೆಯ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿತ್ತು. ಮನುಷ್ಯನ ಕಣ್ಣಿನ ಮಸೂರವೂ ವಯಸ್ಸಾದಂತೆ ಹಳದಿಯಾಗುತ್ತದೆ, ನೀಲಿ ಮಂಕಾಗುತ್ತದೆ. ಫ್ರಾನ್ಸಿನ ಚಿತ್ರಕಾರ ಮೋನೆ 1923ರಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಮುನ್ನ ಬಿಡಿಸಿದ ತಾವರೆಕೊಳದ ಚಿತ್ರಗಳಲ್ಲಿ ಕೆಂಪು-ಕಂದು ಬಣ್ಣ ಆವರಿಸಿರುವುದನ್ನು ನೋಡುಗರು ಗುರುತಿಸುತ್ತಾರೆ. ಇಂಗ್ಲೆಂಡಿನ ವೈದ್ಯ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಬಾರಿಗೆ ಕಣ್ಣಿನೊಳಗೆ ಪ್ಲಾಸ್ಟಿಕ್ ಮಸೂರ ಕೂರಿಸಿದ ಮೇಲೆ ಇದು ಇಂದು ಊರೂರಿನ ಶಿಬಿರಗಳಲ್ಲಿ ನಡೆಯುವ ಚಿಕಿತ್ಸೆ. ತಂದೆ ಮಾತ್ರ ಬೇಡವೆನ್ನುತ್ತಲೇ ಇದ್ದರು. ಸ್ಟುಡಿಯೊ ಬಿಟ್ಟುಕೊಡಲು ನಿಜವಾದ ಕಾರಣ ಡಿಜಿಟಲ್ ಅಲ್ಲ, ಫೋಕಸ್ ತಪ್ಪತೊಡಗಿದ್ದು ಎಂಬುದನ್ನು ಅವರು ಮನೆಯಲ್ಲಿ ಹೇಳಿರಲಿಲ್ಲ. ಟಾಕುಮಾರ್ ತಿಳಿಯಾಗುವುದನ್ನು ದಿನಾ ಕಿಟಕಿಯ ಬಳಿ ಹೋಗಿ ನೋಡುತ್ತಿದ್ದವರು ಒಂದು ದಿನ, "ಆಸ್ಪತ್ರೆಗೆ ಹೋಗಿಬರುವ" ಎಂದು ತಾವಾಗಿ ಅಂದರು.

ಅಮ್ಮನ ಪಟ

ಆ ಬೇಸಿಗೆಯಲ್ಲಿ ಮಗ ತನ್ನ ಹೊಸ ಲೆನ್ಸಿನಲ್ಲಿ ಅಮ್ಮನ ಫೋಟೊ ತೆಗೆದ. ಬೆಳಕು ಚೆನ್ನಾಗಿತ್ತು. ಚಿತ್ರವನ್ನು ಪರದೆಯ ಮೇಲೆ ನೋಡಿದ ತಾಯಿ, "ಎಂತದೋ ಇದು? ನನ್ನ ಮುಖದ ಗೆರೆ ಎಣಿಸಲಿಕ್ಕೆ ಕೂರಿಸಿದ್ದಾ?" ಎಂದರು. ಮೂಗಿನ ಮೇಲಿನ ರಂಧ್ರವನ್ನೂ ಬಿಡದೆ ಆರು ಕೋಟಿ ಚುಕ್ಕಿಗಳು ತಮ್ಮ ಕರ್ತವ್ಯ ಮಾಡಿದ್ದವು.

ತಂದೆ ಹೀಲಿಯೋಸನ್ನು ತಾವೇ ತಿರುಗಿಸಿ ಹಾಕಿದರು. ಸ್ಟುಡಿಯೊದ ಉತ್ತರದ ಕಿಟಕಿಯ ಬಳಿ ಹೆಂಡತಿಯನ್ನು ಕೂರಿಸಿದರು. ಹೊಸ ಕ್ಯಾಮೆರಾದ ಕಿಂಡಿಯಲ್ಲಿ ಒಂದು ಗುಂಡಿ ಒತ್ತಿದರೆ ಕಣ್ಣರೆಪ್ಪೆ ಮಾತ್ರ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಫೋಕಸ್ ಕೂತ ಅಂಚುಗಳು ಕೆಂಪಾಗಿ ಮಿನುಗುತ್ತವೆ. ಹೊಸ ಕಣ್ಣಿಗೆ ಹೊಸ ಕಿಂಡಿ ಒದಗಿತು. ಎಫ್/2.8ಕ್ಕೆ ಇಟ್ಟು, ಬೆರಳತುದಿಯಲ್ಲಿ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸಿ, ಉಸಿರು ಹಿಡಿದು, ಒಂದೇ ಒಂದು ಸಲ ಒತ್ತಿದರು. ಫಿಲ್ಮು ಉಳಿಸುತ್ತಿದ್ದ ಕಾಲದ ಅಭ್ಯಾಸ.

ಕಣ್ಣು ನಿಚ್ಚಳವಾಗಿತ್ತು. ಕೆನ್ನೆಯ ಮೇಲಿನ ಗೆರೆಗಳು ಇದ್ದವು, ಚುಚ್ಚುತ್ತಿರಲಿಲ್ಲ. ಹಿಂದಿನ ಅಂಗಳದ ದಾಸವಾಳದ ಗಿಡ ಸುತ್ತಲೂ ಸುಳಿಯಂತೆ ತಿರುಗಿ ನಿಂತಿತ್ತು. ಲೆನ್ಸಿನ ಕೊಳವೆ ಅಂಚಿನ ಕಿರಣಗಳನ್ನು ಓರೆಯಾಗಿ ಕತ್ತರಿಸುವುದರಿಂದ ಹಿನ್ನೆಲೆಯ ಬೆಳಕಿನ ಗುಂಡುಗಳು ಬಾದಾಮಿಯ ಆಕಾರ ತಳೆದು ನಡುವಿನ ಸುತ್ತ ಸಾಲುಗಟ್ಟುತ್ತವೆ. ಲೆನ್ಸು ಶಾಸ್ತ್ರದ ಪ್ರಕಾರ ಇದೊಂದು ದೋಷ. ಇಂದು ಹೀಲಿಯೋಸನ್ನು ಹುಡುಕಿಕೊಂಡು ಬರುವವರು ಈ ದೋಷಕ್ಕಾಗಿಯೇ ಬರುತ್ತಾರೆ.

ತಾಯಿ ತುಂಬ ಹೊತ್ತು ನೋಡಿದರು. "ಇದನ್ನ ದೊಡ್ಡದು ಮಾಡಿಸಿ ಇಡು ಮಗಾ. ನಾಳೆ ಗೋಡೆಗೆ ಹಾಕಲಿಕ್ಕೆ ಬೇಕಾಗ್ತದೆ" ಎಂದರು. ಯಾವ ಗೋಡೆ, ಯಾವ ನಾಳೆ ಎಂಬುದು ಸ್ಟುಡಿಯೊ ನಡೆಸುವವರ ಮನೆಯಲ್ಲಿ ಬಿಡಿಸಿ ಹೇಳಬೇಕಿಲ್ಲ. ಎಷ್ಟೋ ಮನೆಗಳ ಹಾರ ಹಾಕಿದ ಪಟಗಳು ಅದೇ ಕಿಟಕಿಯ ಬೆಳಕಿನಲ್ಲಿ ತೆಗೆದವು. ತಂದೆ ಮಾತಾಡದೆ ಲೆನ್ಸಿಗೆ ಮುಚ್ಚಳ ಹಾಕಿದರು.

ಹಾಗಾದರೆ ಮಗನ ಲೆನ್ಸು ಸತ್ಯ ಹೇಳಿತು, ಅಪ್ಪನ ಲೆನ್ಸು ಸುಳ್ಳು ಹೇಳಿತು ಎನ್ನೋಣವೇ? ಯಾರೂ ಇನ್ನೊಬ್ಬರ ಮುಖವನ್ನು ಗೇಣು ದೂರದಿಂದ ಭೂತಗನ್ನಡಿ ಹಿಡಿದು ನೋಡುವುದಿಲ್ಲ. ಜಗಲಿಯಲ್ಲಿ ಎದುರು ಬದುರು ಕೂತು ಮಾತಾಡುವಾಗ ಕಾಣುವ ಮುಖವೂ ಸತ್ಯವೇ. ಎರಡು ಲೆನ್ಸುಗಳು ಎರಡು ದೂರದ ಸತ್ಯ ಹೇಳಿದವು.

ಬಳಸುವವರಿಗೆ ನಾಲ್ಕು ಮಾತು

ಟ್ರಂಕಿನಲ್ಲಿ ಸಿಕ್ಕಿದ್ದೆಲ್ಲ ಚಿನ್ನವಲ್ಲ. ಟಾರ್ಚಿನ ಬೆಳಕನ್ನು ಲೆನ್ಸಿನ ಮೂಲಕ ಹಾಯಿಸಿ ನೋಡಿದರೆ ಜೇಡರ ಬಲೆಯಂಥ ಎಳೆಗಳು ಕಂಡಾವು, ಅದು ಬೂಷ್ಟು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅದಕ್ಕೆ ಹಬ್ಬ. ಬಲಿತರೆ ಅದು ಒಸರುವ ಆಮ್ಲ ಲೇಪವನ್ನು, ಕೊನೆಗೆ ಗಾಜನ್ನೇ ತಿನ್ನುತ್ತದೆ. ಚರ್ಮದ ಚೀಲ ತೇವ ಹೀರುವುದರಿಂದ ಅದರಲ್ಲಿ ಲೆನ್ಸು ಇಡಲೇಬಾರದು. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ, ಆಗಾಗ ಬಿಸಿಲು: ಇಷ್ಟು ಸಾಕು. ಹಿಂದಿನ ಸ್ಟುಡಿಯೊದವರು ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿ ಇಡುತ್ತಿದ್ದುದೂ ಇದಕ್ಕೇ. ಅಂಟು ಬಿಟ್ಟ ಗಾಜಿನ ಜೋಡಿ, ಎಣ್ಣೆ ಹತ್ತಿ ಕಚ್ಚಿಕೊಂಡ ಅಪರ್ಚರ್ ಎಲೆಗಳು ಇದ್ದರೆ ಬಲ್ಲವರ ಕೈಗೆ ಕೊಡಬೇಕು. ಸ್ಕ್ರೂಡ್ರೈವರ್ ಹಿಡಿದು ಮನೆಯಲ್ಲಿ ಬಿಚ್ಚಿದವರು ಮತ್ತೆ ಜೋಡಿಸಿದ್ದು ಕಡಿಮೆ.

ಹಳೆಯ ಲೆನ್ಸಿಗೂ ಹೊಸ ಕ್ಯಾಮೆರಾಕ್ಕೂ ವಿದ್ಯುತ್ ಸಂಪರ್ಕ ಇಲ್ಲದ್ದರಿಂದ ಕ್ಯಾಮೆರಾ ತನಗೆ ಲೆನ್ಸೇ ಇಲ್ಲ ಎಂದುಕೊಂಡು ಕ್ಲಿಕ್ಕಿಸಲು ಒಪ್ಪದೆ ಇರಬಹುದು. ಮೆನುವಿನಲ್ಲಿ 'ಲೆನ್ಸ್ ಇಲ್ಲದೆಯೂ ಶಟರ್ ಬಿಡು' ಎಂಬ ಅರ್ಥದ ಆಯ್ಕೆಯನ್ನು ಹುಡುಕಿ ಒತ್ತಬೇಕು. ಕೈನಡುಕ ತಡೆಯುವ ವ್ಯವಸ್ಥೆ ಸೆನ್ಸರಿಗೇ ಇದ್ದರೆ ಸಂಗಮ ದೂರವನ್ನು, ಹೀಲಿಯೋಸಿಗಾದರೆ 58 ಎಂದು, ಕೈಯಾರೆ ತುಂಬಬೇಕು. ಸೆನ್ಸರಿನ ಮುಂದೆ ಸುಮಾರು ಎರಡು ಮಿಲಿಮೀಟರ್ ದಪ್ಪದ ರಕ್ಷಣಾ ಗಾಜು ಇರುವ ಸಂಗತಿಯನ್ನೂ ನೆನಪಿಡಬೇಕು. ಕನ್ನಡಿ ಇಲ್ಲದ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾಗಳ ಅಗಲ ನೋಟದ ಲೆನ್ಸುಗಳು ಫಿಲ್ಮಿಗೆ ತೀರ ಹತ್ತಿರ ಕೂರುತ್ತಿದ್ದವು. ಅವುಗಳ ಓರೆ ಕಿರಣ ಈ ಗಾಜಿನಲ್ಲಿ ದಾರಿ ತಪ್ಪಿ ಮೂಲೆಗಳು ಕಲಸಿಹೋಗುತ್ತವೆ. ಕನ್ನಡಿ ಕ್ಯಾಮೆರಾದ ಲೆನ್ಸುಗಳಿಗೆ, ಅದರಲ್ಲೂ 50 ಮಿಲಿಮೀಟರಿಗೆ ಮೇಲ್ಪಟ್ಟವಕ್ಕೆ, ಈ ಬಾಧೆ ಅಷ್ಟಾಗಿ ಇಲ್ಲ.

ಮತ್ತೆ, ಎಲ್ಲ ಕೆಲಸಕ್ಕೂ ಇದು ಒಗ್ಗದು. ಆ ಸ್ಟುಡಿಯೊದ ಮಗ ಹೀಲಿಯೋಸನ್ನು ಮಾರಲಿಲ್ಲ, ಮದುವೆಗಳಿಗೆ ಒಯ್ಯುತ್ತಾನೆ. ಮೆಹಂದಿ ಹಾಕಿಸಿಕೊಂಡು ಕಿಟಕಿಯ ಬಳಿ ಕೂತ ಹುಡುಗಿ, ಚಪ್ಪರದ ಕಂಬಕ್ಕೆ ಒರಗಿದ ಅಜ್ಜ, ಇಂಥವಕ್ಕೆ ಅದನ್ನು ಹಾಕುತ್ತಾನೆ. ಧಾರೆಯ ಹೊತ್ತಿಗೆ ಮಾತ್ರ ಹೊಸ ಲೆನ್ಸು. ಮಾಂಗಲ್ಯ ಕಟ್ಟುವ ಕ್ಷಣ ಫೋಕಸ್ ಬಳೆ ತಿರುಗಿಸುವವರೆಗೆ ಕಾಯುವುದಿಲ್ಲ. ಇದನ್ನು ತಂದೆಯೂ ಒಪ್ಪುತ್ತಾರೆ.

ಕ್ಯಾಮೆರಾದ ಸೆನ್ಸರ್ ನಾಲ್ಕಾರು ವರ್ಷಕ್ಕೆ ಹಳತಾಗುತ್ತದೆ. 2013ರಲ್ಲಿ 36 ಮೆಗಾಪಿಕ್ಸೆಲ್ ಎಂದು ಬೆರಗಾದವರು 2019ರಲ್ಲಿ 61 ಕಂಡರು. ಮುಂದೆ ಇನ್ನೂ ಸಣ್ಣ ಚುಕ್ಕಿ, ಇನ್ನೂ ದೊಡ್ಡ ಸಂಖ್ಯೆ ಬಂದೀತು. ಗಾಜಿಗೆ ಆ ಅವಸರವಿಲ್ಲ. ಒಣಗಿದ ಜಾಗದಲ್ಲಿ ಇಟ್ಟು, ಬೀಳಿಸದೆ, ಬೂಷ್ಟು ಹಿಡಿಯಗೊಡದೆ ಕಾಪಾಡಿದರೆ ಅದು ಮುಂದಿನ ತಲೆಮಾರಿನ ಯಾವ ಪೆಟ್ಟಿಗೆಗಾದರೂ ಹೊಂದಿಕೊಂಡೀತು. ಊರಿನ ಹಳೆಯ ಸ್ಟುಡಿಯೊಗಳು ಬಾಗಿಲು ಹಾಕುವಾಗ ಟ್ರಂಕುಗಳನ್ನು ಗುಜರಿಗೆ ತೂಕಕ್ಕೆ ಹಾಕುವ ಮುನ್ನ ಒಳಗಿನ ಗಾಜನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ತೂಕ ಕಾಲು ಕಿಲೋ ಇದ್ದೀತು, ಅಷ್ಟೇ. ಆದರೆ ಊರಿನ ಎಷ್ಟೋ ಮುಖಗಳು ಅದರ ಮೂಲಕ ಹಾದುಹೋಗಿವೆ, ಇನ್ನಷ್ಟು ಮುಖಗಳು ಹಾಯಲು ಅದರಲ್ಲಿ ಜಾಗವಿದೆ.